ಎರಡು ಗೋಡೆಗಳ ಸಂದು ಮತ್ತು ನಮ್ಮ ಈರಣ್ಣ

ನೆರೆದ ಮಹಾಜನರೇ...
ಗ್ರೂಪಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ...
ನಾಟಕದ ಮೂರನೇ ಬೆಲ್ಲು ಹೊಡೆಯಿತೆಂದು ತಿಳಿದು ಒಂದು ಗಳಿಗೆ ಇತ್ತ ಕಿವಿಗೊಡಿ.

ನಮ್ಮ ಈರಣ್ಣ ಹೋದ.
ಹೆಬ್ಬಳ್ಳಿಯ ಈರಣ್ಣ ಕಮತರ... ನಮ್ಮ ಹಳೆಯ ಆಫೀಸಿನ ಚೆಕರ್...
ಇವತ್ತು ಬೆಳಿಗ್ಗೆ. ಹಾರ್ಟ್ ಅಟ್ಯಾಕ್.

ಅವನ ತಮ್ಮ ಫೋನ್ ಮಾಡಿದಾಗ "ಯಾವ ಈರಣ್ಣ?" ಎಂದು ಕೇಳಿಬಿಟ್ಟೆ.
ಆಮೇಲೆ ಈರಣ್ಣನ ನಂಬರಿಗೇ ಫೋನ್ ಹಚ್ಚಿದೆ.
ರಿಂಗಾಯಿತು... ಯಾರೂ ಎತ್ತಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ತೊಂಬತ್ತರ ದಶಕದ ಕೊನೆ. ಹುಬ್ಬಳ್ಳಿ ವಿದ್ಯಾನಗರ.
ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಜವಳಿ ಸಾಹೇಬರ ಪುಟ್ಟ ಡಿಸೈನ್ ಆಫೀಸು.
ಕೆಲಸ ಮಾತ್ರ ಪುಟ್ಟದಲ್ಲ... ಒಂದು ಅಣು ವಿದ್ಯುತ್ ಸ್ಥಾವರದ ಪೈಪುಗಳ ಲೆಕ್ಕ!
ಉಳಿದದ್ದೆಲ್ಲ ನಿಂತುಹೋದರೂ ರಿಯಾಕ್ಟರಿಗೆ ತಣ್ಣೀರು ಮುಟ್ಟಿಸಬೇಕಾದ ಪೈಪುಗಳು ಅವು.
ಭೂಮಿ ನಡುಗಿದರೆ ತಡೆಯುತ್ತವೆಯೋ ಇಲ್ಲವೋ... ನಾವು ಕಾಗದದ ಮೇಲೆ ಮೊದಲೇ ನಡುಗಿಸಿ ನೋಡಬೇಕು.

ನಾನು ಲೆಕ್ಕ ಮಾಡುವವನು. ಈರಣ್ಣ ಚೆಕ್ ಮಾಡುವವನು.
ಇಬ್ಬರ ಸಹಿಯೂ ಬಿದ್ದರೇ ಲೆಕ್ಕ ಹೊರಗೆ ಹೋಗುವುದು.

ಅವನದೊಂದು ವ್ರತವಿತ್ತು.
ನನ್ನ ಲೆಕ್ಕ ಅವನ ಟೇಬಲ್ ಮೇಲಿರುವಷ್ಟು ದಿನ ನನ್ನ ಜೊತೆ ಮಾತಿಲ್ಲ. ಚಹಾ ಇಲ್ಲ. ಊಟಕ್ಕೂ ಬೇರೆ ಬೆಂಚು!
"ಯಾಕಲೇ, ನಾ ಏನ್ ನಿನ್ನ ಚಹಾದಾಗ ವಿಷ ಹಾಕ್ತೇನೇನು?" ಎಂದು ಒಮ್ಮೆ ಗುಡುಗಿದೆ.
"ನೀ ನಾಟಕದಾವ. ನಿನ್ನ ದನಿ ಕೇಳಿದ್ರ ಸುಳ್ಳೂ ಖರೇ ಅನಸತೈತಿ. ಚೆಕಿಂಗ್ ಮುಗೀಲಿ, ಆಮ್ಯಾಲ ಬೇಕಾದಷ್ಟ್ ಒದರು."
ಮುಗಿದ ದಿನ ತಾನೇ ಬಂದು ಬೆನ್ನಿಗೊಂದು ಗುದ್ದು.
"ನಡಿ, ಮಿರ್ಚಿ ತಿನ್ನೂಣು."

ಈಗ ಕೇಳಿ.
ಒಂದು ಸೋಮವಾರ ಈರಣ್ಣ ನನ್ನೊಡನೆ ಮಾತು ಬಿಟ್ಟ.
ಆದರೆ ಅವನಿಗೆ ನಾನು ಯಾವ ಲೆಕ್ಕವನ್ನೂ ಕೊಟ್ಟಿರಲಿಲ್ಲ! ಕೊನೆಯದು ಹೋಗಿ, ಪಾಸಾಗಿ, ತಿಂಗಳುಗಳೇ ಕಳೆದಿದ್ದವು.
ಅಂದರೆ...
ಇವನು ಮುಗಿದ ಲೆಕ್ಕವನ್ನು ಮತ್ತೆ ತೆರೆದಿದ್ದಾನೆ.

ಹೌದು, ತೆರೆದಿದ್ದ.
ಆ ಪೈಪು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ನಮ್ಮ ಹತ್ತಿರವಿದ್ದ ಹಳೆಯ ಡ್ರಾಯಿಂಗಿನಲ್ಲಿ ಎರಡಕ್ಕೂ ಸೇರಿ ಒಂದೇ ಗೋಡೆ.
ಬೇರೆ ಕೆಲಸಕ್ಕೆಂದು ಬಂದ ಹೊಸ ಡ್ರಾಯಿಂಗಿನಲ್ಲಿ ಎರಡು ಗೋಡೆ... ನಡುವೆ ಬೆರಳು ತೂರುವಷ್ಟು ಸಂದು.
ಸಂದು ಇದ್ದರೆ ಭೂಕಂಪದಲ್ಲಿ ಎರಡೂ ಕಟ್ಟಡ ಒಟ್ಟಿಗೆ ಓಲಾಡುವುದಿಲ್ಲ. ಒಂದು ಮೂಡಣಕ್ಕೆ ವಾಲಿದಾಗ ಇನ್ನೊಂದು ಪಡುವಣಕ್ಕೆ ವಾಲಬಹುದು.
ಎರಡನ್ನೂ ಹಿಡಿದು ನಿಂತ ಪೈಪಿನ ಗತಿ ಏನು?
ನಾವಿಬ್ಬರೂ ಒಂದೇ ಗೋಡೆಯೆಂದು ನಂಬಿ ಸಹಿ ಹಾಕಿದ್ದೆವು.
ಈರಣ್ಣನ ಹೊಸ ಲೆಕ್ಕದಲ್ಲಿ ಪೈಪು ತಿರುಗುವ ಒಂದು ಬೆಂಡು ಫೇಲ್.

ಸಾಹೇಬರ ಕೋಣೆ...
"ಪಾಸಾದ ಲೆಕ್ಕ ಅದು. ಸುಮ್ನ ಕುಂದ್ರೋ ಈರಣ್ಣ. ನಮ್ಮದು ತಪ್ಪಾಗೇತಿ ಅಂತ ನಾವೇ ಬರದ್ ಕೊಟ್ರ ಮುಂದಿನ ಕೆಲಸ ಯಾರ್ ಕೊಡತಾರ? ಆಫೀಸ್ ಮುಚ್ಚೂದೇ! ಇಷ್ಟ್ ಮಂದಿ ಹೊಟ್ಟಿ ಮ್ಯಾಲ ಹೊಡೀತಿ?"
"ನನ್ನ ಹೊಟ್ಟೀನೂ ಅದರಾಗ ಐತ್ರಿ."
"ಭೂಕಂಪ ಆಗಬೇಕಲ್ಲೋ ಮೊದಲ!"
"ಆಗಬಾರದು ಅಂತ ದಿನಾ ಕೈ ಮುಗೀತೇನ್ರಿ. ಆದ್ರ ಆಗೂದಿಲ್ಲ ಅಂತ ಸಹಿ ಮಾಡಾಕ ನನಗ ಬರಂಗಿಲ್ರಿ."

ಬಾಗಿಲಲ್ಲಿ ನಿಂತಿದ್ದ ನನಗೆ, ತುಂಬಿದ ಥೇಟರನ್ನೇ ನಡುಗಿಸಿದ ಈ ಗಂಟಲಿಗೆ, ಬಂದದ್ದು ಇಷ್ಟೇ...
"ನಾನೂ ಸಹಿ ಹಾಕ್ತೇನ್ರಿ."

ಸಾಹೇಬರು ಸ್ಥಾವರದವರಿಗೆ ಪತ್ರ ಕಳಿಸಿದರು.
ಅದನ್ನು ಯಾರೂ ಮರೆಯಬಾರದು... ಕಳಿಸಿದರು.
ಪೆನ್ನು ಮುಚ್ಚಿ ಈರಣ್ಣನಿಗೆ ಒಂದೇ ಮಾತು ಹೇಳಿದರು: "ಇನ್ನ ಮ್ಯಾಲ ನನ್ನ ಮಾತಾಡಸಬ್ಯಾಡ."

ಸ್ಥಾವರದವರು ಗೋಡೆ ಪಕ್ಕದಲ್ಲಿ ಪೈಪನ್ನು ಬಿಗಿಹಿಡಿದಿದ್ದ ಒಂದು ಸಪೋರ್ಟ್ ಕಿತ್ತು ದೂರ ಹಾಕಿದರು. ಪೈಪಿಗೆ ಬಾಗಲು ಜಾಗ ಸಿಕ್ಕಿತು. ಅಷ್ಟೇ.
ಮುಂದಿನ ಕೆಲಸ ಬೇರೆಯವರಿಗೆ ಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ.
ಮರುವರ್ಷ ಆಫೀಸು ಮುಚ್ಚಿತು.

ಈರಣ್ಣಾ...
ಲೇ ಈರಣ್ಣಾ...
ಮದುವೆ ಮನೆಗಳಲ್ಲಿ "ಆಫೀಸ್ ಮುಚ್ಚಿಸಿದಾವ ಬಂದ ನೋಡ್ರಿ" ಎಂದು ನಮ್ಮವರೇ ನಕ್ಕರು. ನೀನು "ಊಟ ಆತಿಲ್ರಿ?" ಎಂದು ಕೇಳಿ ಅವರ ಪಂಕ್ತಿಯಲ್ಲೇ ಕೂತೆ.
ಆಮೇಲೆ ನಿನ್ನ ಪಾಲಿಗೆ ಸಕ್ಕರೆ ಕಾರ್ಖಾನೆಯ ಪೈಪು, ನೀರಿನ ಟ್ಯಾಂಕು... ಸಿಕ್ಕ ಲೆಕ್ಕ.
ಸಾಹೇಬರ ಮನೆ ಬಂದಾಗಲೆಲ್ಲ ಬೈಕು ನಿಧಾನ ಮಾಡುತ್ತಿದ್ದೆ ನೀನು.
"ಹೋಗೂಣೇನು ಒಳಗ?" ಎಂದು ಹಿಂದೆ ಕೂತ ನಾನು ಕೇಳಿದರೆ,
"ಅವರು ಬ್ಯಾಡ ಅಂದಾರಲ್ಲೋ" ಎಂದು ನೀನು ಮುಂದೆ ಹೊರಡುತ್ತಿದ್ದೆ...

ಇಂದು ಮಧ್ಯಾಹ್ನ ಸಾಹೇಬರು ನನಗೆ ಫೋನ್ ಮಾಡಿದರು.
"ಮಣ್ಣು ಎಷ್ಟೊತ್ತಿಗಪಾ?"
"ನಾಳೆ ಹನ್ನೊಂದಕ್ಕ, ಹೆಬ್ಬಳ್ಳ್ಯಾಗ್ರಿ."
"ನಾ ಬಂದ್ರ... ಅವನ ಹೆಂಡತಿ ಏನಂದಾಳು?"

ಫೋನ್ ಇಟ್ಟು, ಈರಣ್ಣನ ಹೆಂಡತಿ ಗಿರಿಜಾ ವೈನಿಯನ್ನೇ ಕೇಳಿದೆ.
ಅತ್ತು ಅತ್ತು ದನಿ ಬಿದ್ದುಹೋಗಿತ್ತು...
"ಕರ್ಕೊಂಡ್ ಬರ್ರಿ ಅಣ್ಣಾರ. ಸಾಹೇಬರು ಒಂದ್ ಸಲ ಮಾತಾಡಸ್ಲಿ ಅಂತ ಇವರು ಇಷ್ಟ್ ವರ್ಷ ದಾರಿ ಕಾದ್ರು."

ಗೆಳೆಯಾ...
ಶಿವ ನಿನ್ನ ಜೀವವನ್ನು ನೆಮ್ಮದಿಯಾಗಿ ತನ್ನೊಳಗೆ ಕೂಡಿಸಿಕೊಳ್ಳಲಿ...
ಹೋಗಿ ಬಾ...

ನಾಳೆ ಬೆಳಿಗ್ಗೆ ನಾನು ಜವಳಿ ಸಾಹೇಬರ ಬಾಗಿಲಲ್ಲಿ ನಿಂತಿರುತ್ತೇನೆ. ಅವರಿಗೆ ಮೊಣಕಾಲು ನೋವು, ಕಾರು ಹೇಳಿದ್ದೇನೆ.
ಹೆಬ್ಬಳ್ಳಿಗೆ ಕರೆದೊಯ್ದು, ಈರಣ್ಣನ ಎದುರಿಗೆ ಕೂಡಿಸಿ, ನಾನು ಹೊರಗೆ ನಿಲ್ಲುತ್ತೇನೆ.