ಜನ್ನಾಪುರಕ್ಕೆ ಬಂದ ಬಿಳಿ ಪಲ್ಯ

1998ರ ಮೇ 31, ಭಾನುವಾರ. ಬೆಳಿಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ಭದ್ರಾವತಿಯ ಜನ್ನಾಪುರದ ಒಂದು ಹಿತ್ತಲಲ್ಲಿ ಉಚ್ಚಂಗಮ್ಮ ಹನ್ನೆರಡು ಕಿಲೋ ಆಲೂಗೆಡ್ಡೆಯ ರಾಶಿಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಒಂದೊಂದನ್ನೂ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತುತ್ತಾರೆ. ಗಟ್ಟಿಯಿದ್ದರೆ ಎಡಕ್ಕೆ, ಕೊಂಚ ಮೆತ್ತಗಿದ್ದರೆ ಬಲಕ್ಕೆ. ಎಡಗಡೆಯವು ಬಿಲ್ಲೆ ಬಿಲ್ಲೆಯಾಗಿ ತಟ್ಟೆಯ ತಳದಲ್ಲಿ ಕೂರಬೇಕು, ಬಲಗಡೆಯವು ಬೆಂದು, ಹಿಸುಕಿಸಿಕೊಂಡು ಮೇಲಿನ ಹೊದಿಕೆಯಾಗಬೇಕು. ಕೈಗೆ ಅವಸರವಿಲ್ಲ. ಮುಖದಲ್ಲಿ ಮಾತ್ರ ಪರೀಕ್ಷೆಗೆ ಹೊರಟ ಹುಡುಗಿಯ ಕಳೆ.

ಅದೇ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಅವರ ಪತಿ ಹುಲಿಯಪ್ಪ ಹೊಸದಾಗಿ ಕಟ್ಟಿದ ಒಲೆಯೊಂದರ ಬಾಯಿಗೆ ಜೇಡಿಮಣ್ಣು ಮೆತ್ತುತ್ತಿದ್ದಾರೆ. ಕಾರ್ಖಾನೆಯ ಉಕ್ಕಿನ ಕುಲುಮೆಯ ಎದುರು ಮೂವತ್ತಾರು ವರ್ಷ ನಿಂತು ನಿನ್ನೆಯಷ್ಟೇ ಕೊನೆಯ ಪಾಳಿ ಮುಗಿಸಿ ಬಂದವರು ಅವರು. ಇವತ್ತು ನಿವೃತ್ತಿ. ರಾತ್ರಿ ಎಂಬತ್ತು ಜನ ಊಟಕ್ಕೆ ಬರುತ್ತಾರೆ, ಹೆಚ್ಚಿನವರು ಕುಲುಮೆಯ ಜೊತೆಗಾರರು ಮತ್ತು ಅವರ ಮನೆಯವರು. ಇಂಥ ಊಟಕ್ಕೆ ಹೋಳಿಗೆ, ಕೋಸಂಬರಿ, ಖಾರವಾದ ಗೊಜ್ಜು ಎಂದು ಬೀದಿಯಲ್ಲಿ ಒಂದು ವಾಡಿಕೆಯಿದೆ. ಹುಲಿಯಪ್ಪ ಕೇಳಿದ್ದೇ ಬೇರೆ. ಹೆಂಡತಿ ಗೆಸ್ಟ್‌ಹೌಸಿನಲ್ಲಿ ಸಾಹೇಬರಿಗೆ ಮಾಡಿ ಹಾಕುವ ಬಿಳಿ ಪಲ್ಯ.

"ಬೇಡ ರೀ ಅಂದೆ. ಬೆಂಕಿ ಮುಂದೆ ದುಡಿದ ನಾಲಿಗೆ ಅವ್ರದ್ದು, ಖಾರ ಇಲ್ದೆ ಅನ್ನ ಇಳಿಯಲ್ಲ. ಎಲೇಲಿ ಬಿಟ್ಟು ಎದ್ದುಹೋದ್ರೆ ನಾಳೆ ಈ ಬೀದೀಲಿ ನಾನು ತಲೆ ಎತ್ಕೊಂಡು ನೀರಿಗೆ ಹೋಗೋದು ಹೆಂಗೆ?" ಎನ್ನುತ್ತಾರೆ ಉಚ್ಚಂಗಮ್ಮ. ಇಪ್ಪತ್ತೆರಡು ವರ್ಷದಿಂದ ಅವರು ಏನು ಕೆಲಸ ಮಾಡುತ್ತಾರೆ ಎನ್ನುವುದು ಜನ್ನಾಪುರಕ್ಕೆ ಗೊತ್ತಿದೆ, ಅದರ ರುಚಿ ಗೊತ್ತಿಲ್ಲ. ಇವತ್ತು ಗೊತ್ತಾಗಬೇಕು.

ಉಚ್ಚಂಗಮ್ಮನ ಕೆಲಸ ಇರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ, ಖಾಸಗಿ ಕಂಪನಿಯೊಂದರ ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ. ಬೆಳಿಗ್ಗೆ ಆರರ ಬಸ್ಸು, ರಾತ್ರಿ ಒಂಬತ್ತರ ಬಸ್ಸು. ದಿನಕ್ಕೆ ಇಪ್ಪತ್ತರಿಂದ ಮೂವತ್ತೈದು ಊಟ. ಗಾಜನೂರಿನ ಅಣೆಕಟ್ಟು ನೋಡಲು ಬರುವ ಎಂಜಿನಿಯರುಗಳು, ಯಂತ್ರ ಮಾರಲು ಬರುವವರು, ಒಮ್ಮೊಮ್ಮೆ ವಿದೇಶದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಗೊತ್ತಿದ್ದದ್ದು ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು. ಅಲ್ಲಿದ್ದ ಮುದುಕ ಅಡುಗೆಯವರು ತ್ರಿವಿಕ್ರಮ. ಕಾಫಿ ತೋಟದ ಬಂಗಲೆಗಳಲ್ಲಿ ದೊರೆಗಳಿಗೆ ಬೇಯಿಸಿ ಹಾಕಿ ಬಂದಿದ್ದವರು. ಅವರೇ ಈಕೆಗೆ ವೈಟ್ ಸಾಸ್ ಕಲಿಸಿದ್ದು.

ಕಲಿಕೆ ಸುಲಭವಾಗಿರಲಿಲ್ಲ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹೊಯ್ಯುವಾಗ ಅವಸರ ಮಾಡಿದರೆ ಹಿಟ್ಟಿನ ಹೊರಮೈ ಮೊದಲು ಉಬ್ಬಿ ಅಂಟಾಗಿ, ಒಳಗಿನ ಹಿಟ್ಟು ಒಣಗಿಯೇ ಉಳಿದು ಗಂಟು ಕಟ್ಟುತ್ತದೆ. ಕಟ್ಟಿದ ಗಂಟನ್ನು ಆಮೇಲೆ ಎಷ್ಟು ತಿರುವಿದರೂ ಒಡೆಯಲಾಗದು. ಮೊದಲ ತಿಂಗಳು ಆಕೆ ಮಾಡಿದ ಸಾಸೆಲ್ಲ ಗಂಟು ಗಂಟು. ತ್ರಿವಿಕ್ರಮ ಬೈಯುತ್ತಿರಲಿಲ್ಲವಂತೆ, ಪಾತ್ರೆಯೊಳಗೆ ಇಣುಕಿ "ಇವತ್ತು ಕಡುಬು ಚೆನ್ನಾಗಿದೆ" ಎಂದು ಹೋಗುತ್ತಿದ್ದರಂತೆ. ಆ ಮಾತನ್ನು ಹೇಳುವಾಗ ಉಚ್ಚಂಗಮ್ಮನಿಗೆ ಈಗಲೂ ನಗು ತಡೆಯಲಾಗುವುದಿಲ್ಲ. ಕೊನೆಗೆ ಹಾಲನ್ನು ಬೆಚ್ಚಗೆ ಮಾಡಿಕೊಂಡು, ಮಗುವಿಗೆ ಒಳಲೆಯಲ್ಲಿ ಕುಡಿಸುವಷ್ಟೇ ನಿಧಾನವಾಗಿ ಹೊಯ್ಯುವುದನ್ನು ಕಲಿತರು.

ಗುರುವಿನಿಂದ ಕಲಿತ ಇನ್ನೊಂದು ಪಾಠವೂ ಇದೆ. ಅಡುಗೆಯವರ ಚೀಲ ಮನೆಗೆ ಹೋಗುವಾಗ ಹಗುರಾಗಿರಬೇಕು. ಉಳಿದದ್ದನ್ನು ಒಯ್ಯಬಾರದೆಂದು ಗೆಸ್ಟ್‌ಹೌಸಿನಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಈ ಇಪ್ಪತ್ತೆರಡು ವರ್ಷದಲ್ಲಿ ಒಂದು ಚಮಚದಷ್ಟೂ ಬಿಳಿ ಪಲ್ಯ ಜನ್ನಾಪುರದ ಬಸ್ಸು ಹತ್ತಿಲ್ಲ. ಗಂಡನಿಗೂ ಅದರ ರುಚಿ ಗೊತ್ತಿಲ್ಲ, ಮಗಳು ಧನಲಕ್ಷ್ಮಿಗೂ ಇಲ್ಲ.

ಆಕೆಗೂ ಒಂದು ಕಾಣದ ಸಂಗತಿಯಿದೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಅತ್ತಿತ್ತ ಬಡಿಯುವ ಬಾಗಿಲು. ಬಡಿಸುವವರು ಬೇರೆ. ತಟ್ಟೆ ಆ ಕಡೆಗೆ ಹೋಗುತ್ತದೆ, ಖಾಲಿಯಾಗಿ ಈ ಕಡೆಗೆ ಬರುತ್ತದೆ. "ತಿಂದವ್ರು ಕಣ್ಮುಚ್ಕೊಂಡು ತಿಂದ್ರಾ, ಮುಖ ಕಿವುಚ್ಕೊಂಡು ತಿಂದ್ರಾ, ನಂಗೇನು ಗೊತ್ತು? ತಿನ್ನೋರ ಮುಖ ನಾನು ನೋಡಿದ್ದೇ ಇಲ್ಲ" ಎನ್ನುತ್ತಾರೆ. ದೂರಿನ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ತುಂಬಿದೆ. ಹಿಂದಿನ ದಿನ ಧನಲಕ್ಷ್ಮಿ ಶಿವಮೊಗ್ಗದ ಮಾರ್ಕೆಟ್ಟಿನಿಂದ ತಂದ ಹೂಕೋಸು, ಬೀನ್ಸ್, ಕ್ಯಾರೆಟ್ಟನ್ನು ಬೀದಿಯ ಹೆಂಗಸರು ಹೆಚ್ಚುತ್ತಿದ್ದಾರೆ. ಹನ್ನೆರಡು ಲೀಟರ್ ಹಾಲು, ಒಂದು ಕಿಲೋ ಬೆಣ್ಣೆ, ಅದಕ್ಕಿಂತ ಕೊಂಚ ಕಡಿಮೆ ಮೈದಾ. ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಇಷ್ಟೇ ಮಸಾಲೆ. ಪಕ್ಕದ ಮನೆಯ ಮಹಾಂತಮ್ಮ ಮೂರು ಸಲ ಬಂದು ಪಾತ್ರೆ ನೋಡಿ, ಅದರಲ್ಲಿ ಎಲ್ಲೂ ಕೆಂಪು ಕಾಣದೆ, ಮೂರು ಸಲವೂ ನಿಟ್ಟುಸಿರು ಬಿಟ್ಟು ಹೋಗಿದ್ದಾರೆ. ನಾಲ್ಕನೆಯ ಸಲ ಬರುವಾಗ ಕೈಯಲ್ಲಿ ಒಂದು ಬೋಗುಣಿ ಕೆಂಪು ಮೆಣಸಿನಕಾಯಿ ಚಟ್ನಿ. ಇರಲಿ, ಕಷ್ಟಕಾಲಕ್ಕೆ ಎಂದು ಇಟ್ಟುಹೋಗುತ್ತಾರೆ.

ಒಲೆಯ ಉಸ್ತುವಾರಿ ಹುಲಿಯಪ್ಪನವರದು. ಗುಜರಿಯಿಂದ ಆರಿಸಿ ತಂದ ಫೈರ್‌ಬ್ರಿಕ್ಸ್, ಅಂದರೆ ಕುಲುಮೆಗೆ ಬಳಸುವ ಇಟ್ಟಿಗೆ ಜೋಡಿಸಿ, ಒಂದೇ ಸಲಕ್ಕೆ ನಾಲ್ಕು ತಟ್ಟೆ ಹಿಡಿಸುವ ಗೂಡು ಕಟ್ಟಿದ್ದಾರೆ. ಅದನ್ನು ಒಲೆ ಎಂದರೆ ಅವರಿಗೆ ಬೇಜಾರು, ಫರ್ನೇಸ್ ಎನ್ನಬೇಕು. ಒಳಗೆ ಇದ್ದಿಲು ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡವನ್ನು ಬದಿಗೆ ಸರಿಸಿ ತಟ್ಟೆ ಇಡುವ ಏರ್ಪಾಡು. ಸಂಜೆ ಏಳಕ್ಕೆ ಹದವಾಗಿ ಕಾದಿರಲಿ ಎಂದಷ್ಟೇ ಉಚ್ಚಂಗಮ್ಮ ಹೇಳಿದ್ದರು. ಗಂಡನ ಪ್ರಕಾರ ಹದ ಎಂದರೇನು ಎಂದು ಕೇಳಲು ಅವರಿಗೆ ತೋಚಿರಲಿಲ್ಲ.

ಏಳು ಗಂಟೆಗೆ ಮೊದಲ ತಟ್ಟೆ ಒಳಗೆ ಹೋಗುತ್ತದೆ. ತಳದಲ್ಲಿ ಬಿಲ್ಲೆ, ನಡುವೆ ಬಿಳಿ ಸಾಸಿನಲ್ಲಿ ಮುಳುಗಿದ ತರಕಾರಿ, ಮೇಲೆ ಹಿಸುಕಿದ ಆಲೂಗೆಡ್ಡೆ, ಅದರ ಮೇಲೆ ತುರಿದ ಚೀಸು ಮತ್ತು ಬ್ರೆಡ್ ಪುಡಿ. ಗೆಸ್ಟ್‌ಹೌಸಿನಲ್ಲಿ ಇದಕ್ಕೆ ಅರ್ಧ ಗಂಟೆ ಬೇಕು. ಇಲ್ಲಿ ಉಚ್ಚಂಗಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಹೊಗೆ ಬರುತ್ತದೆ. ಹೊರಗೆಳೆದರೆ ತಟ್ಟೆಯ ಮೇಲೆ ಡಾಂಬರು ಹಾಕಿದಂತಿದೆ.

ಎಲ್ಲರೂ ಹುಲಿಯಪ್ಪನ ಮುಖ ನೋಡುತ್ತಾರೆ. ಅವರಿಗೆ ನಿಜಕ್ಕೂ ಅರ್ಥವಾಗಿಲ್ಲ. ಕುಲುಮೆಯಲ್ಲಿ ಉಕ್ಕು ಸಾವಿರದ ಆರುನೂರು ಡಿಗ್ರಿಯಲ್ಲಿ ಕರಗಿ ಹರಿಯುವಾಗ ಶಾಖವನ್ನು ಬಣ್ಣದಿಂದಲೇ ಹೇಳುತ್ತಿದ್ದ ಮನುಷ್ಯ. ಇಟ್ಟಿಗೆ ಕೆಂಪಗಾಗಲಿಲ್ಲ ಎಂದರೆ ಅವರ ಲೆಕ್ಕದಲ್ಲಿ ಅದು ತಣ್ಣಗಿದೆ.

"ಇನ್ನೂ ಬಣ್ಣಾನೇ ತಿರುಗಿಲ್ಲ ಮಾರಾಯ್ತಿ. ತಣ್ಣಗೈತೆ ಅಂತ ಈಗ ತಾನೇ ಎರಡು ಬುಟ್ಟಿ ಇದ್ದಿಲು ಜಾಸ್ತಿ ಹಾಕ್ದೆ."

"ಇದು ಆಲೂಗೆಡ್ಡೆ ರೀ. ಉಕ್ಕಲ್ಲ."

ಮೊದಲು ನಕ್ಕವರು ಪರಮೇಶ್ವರಪ್ಪ, ಕುಲುಮೆಯಲ್ಲಿ ಹುಲಿಯಪ್ಪನ ಜೊತೆ ಒಂದೇ ಪಾಳಿಯಲ್ಲಿ ದುಡಿದವರು. ನಗುತ್ತಲೇ ಒಂದು ಬಕೆಟ್ ನೀರೆತ್ತಿ ಒಲೆಗೆ ಸುರಿಯಲು ಹೊರಡುತ್ತಾರೆ. ಹುಲಿಯಪ್ಪ ಹಾರಿ ಅವರ ಕೈ ಹಿಡಿಯುತ್ತಾರೆ. ಕಾದ ಇಟ್ಟಿಗೆಗೆ ನೀರು ಬಿದ್ದರೆ ಸೀಳಿಹೋಗುತ್ತದೆ, ಒಲೆಯೇ ಇಲ್ಲದ ಹಾಗಾಗುತ್ತದೆ. ಕೆಂಡ ಎಳೆದುಹಾಕಿ ಕಾಯುವುದೊಂದೇ ದಾರಿ. ಈ ಇಟ್ಟಿಗೆಯ ಗುಣವೇ ಅದು, ಕುಡಿದ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಏಳೂವರೆಗೆ ಶಾಮಿಯಾನದ ಕೆಳಗೆ ಜನ ತುಂಬಿದ್ದಾರೆ. ಕಾಯುವ ಹೊತ್ತು ಲಂಬಿಸಿದಷ್ಟೂ ಉಚ್ಚಂಗಮ್ಮನ ಕಳವಳ ಹೆಚ್ಚುತ್ತದೆ. ಖಾರವಿಲ್ಲದ ಊಟ, ಅದೂ ತಡವಾಗಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಲೆಯೊಳಗೆ ಚಿಟಿಕೆ ಮೈದಾ ಎಸೆದು ನೋಡುತ್ತಾರೆ. ಮೊದಲು ಬಿದ್ದ ಕ್ಷಣಕ್ಕೆ ಕಪ್ಪು. ಆಮೇಲೆ ಕಾಫಿ ಪುಡಿಯ ಬಣ್ಣ. ಹೊರಗೆ ಯಾರೋ ಹುಲಿಯಪ್ಪನಿಗೆ ಇನ್ನೊಂದು ವರ್ಷ ಸರ್ವಿಸ್ ಎಕ್ಸ್‌ಟೆನ್ಶನ್ ಸಿಕ್ಕಿತಂತೆ, ಹೆಂಡತಿಯ ಕೈಕೆಳಗೆ ಎಂದು ಸುದ್ದಿ ಹಬ್ಬಿಸುತ್ತಾರೆ. ನಗು ಏಳುತ್ತದೆ, ಹಸಿವು ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತದೆ. ಎಂಟು ಗಂಟೆ ದಾಟಿದ ಮೇಲೆ ಹಿಟ್ಟು ಹುರಿದ ರವೆಯ ಬಣ್ಣಕ್ಕೆ ನಿಲ್ಲುತ್ತದೆ. ಉಚ್ಚಂಗಮ್ಮ ತಟ್ಟೆಗಳನ್ನು ಒಳಗಿಡುತ್ತಾರೆ.

ಒಂಬತ್ತಕ್ಕೆ ಮೊದಲ ಪಂಕ್ತಿ. ಹೊಂಬಣ್ಣಕ್ಕೆ ತಿರುಗಿದ ತಟ್ಟೆಗಳು ಹೊರಬರುತ್ತವೆ, ಅಂಚಿನಲ್ಲಿ ಸಾಸು ಇನ್ನೂ ಸಣ್ಣಗೆ ಗುಳುಗುಡುತ್ತಿದೆ. ಬಡಿಸುವ ಸೌಟನ್ನು ಧನಲಕ್ಷ್ಮಿ ಅಮ್ಮನ ಕೈಗೇ ಕೊಡುತ್ತಾಳೆ. ಬೇಡವೆಂದು ಹಿಂಜರಿದವರನ್ನು ಸಾಲಿನ ತುದಿಗೆ ತಂದು ನಿಲ್ಲಿಸುತ್ತಾಳೆ. ಚಪಾತಿಯ ಪಕ್ಕಕ್ಕೆ ಒಂದೊಂದು ಸೌಟು ಬೀಳುತ್ತದೆ. ಜನ ಅದನ್ನು ನೋಡುತ್ತಾರೆ, ಪಕ್ಕದವರನ್ನು ನೋಡುತ್ತಾರೆ.

ಪರಮೇಶ್ವರಪ್ಪ ಮೊದಲ ತುತ್ತು ಬಾಯಿಗಿಡುತ್ತಾರೆ. ಅಗಿಯುವುದು ನಿಧಾನವಾಗುತ್ತದೆ. ಬಿಸಿಗೆ ಬಾಯಿ ತೆರೆದು ಗಾಳಿ ಎಳೆದುಕೊಂಡು, ಎರಡನೆಯ ತುತ್ತಿಗೆ ಕೈ ಹಾಕುತ್ತಾರೆ. ಸೌಟು ಹಿಡಿದ ಉಚ್ಚಂಗಮ್ಮ ಮುಂದಿನ ಎಲೆಗೆ ಹೋಗುವುದನ್ನು ಮರೆತು ನೋಡುತ್ತ ನಿಂತಿದ್ದಾರೆ. ಕಣ್ಣು ಮುಚ್ಚಿ ತಿನ್ನುವವರು ಇದ್ದಾರೆ, ಚಪಾತಿ ಬಿಟ್ಟು ಅದನ್ನೇ ಬೆರಳಲ್ಲಿ ಬಳಿಯುವವರು ಇದ್ದಾರೆ. ಚಟ್ನಿ ಕೇಳಿದವರೂ ಇದ್ದಾರೆ, ಪಲ್ಯಕ್ಕೆ ಕಲಸಿಕೊಂಡು ಹಾಗೆಯೂ ತಿನ್ನುತ್ತಾರೆ. ಎರಡನೆಯ ಸಲ ಬಡಿಸುವಾಗ ಗಲಾಟೆ ಶುರು. ಎಲ್ಲರಿಗೂ ಮೇಲಿನ ಗರಿಗರಿ ಪದರವೇ ಬೇಕು.

"ಅಲ್ರಪ್ಪ, ಕುಲುಮೇಲಿ ಮೇಲೆ ಕಟ್ಟಿದ ಕಿಟ್ಟ ತೆಗೆದು ಬಿಸಾಕ್ತಿದ್ವಿ. ಇಲ್ಲಿ ಕಿಟ್ಟಕ್ಕೇ ಹೊಡೆದಾಡ್ತಿದೀವಲ್ಲ" ಎನ್ನುತ್ತಾರೆ ಪರಮೇಶ್ವರಪ್ಪ, ತಮ್ಮ ಪಾಲಿನ ಗರಿಯನ್ನು ಎಡಗೈಯಿಂದ ಮರೆ ಮಾಡಿಕೊಂಡು.

ಹುಲಿಯಪ್ಪ ಕೂರುವುದು ಕೊನೆಯ ಪಂಕ್ತಿಯಲ್ಲಿ, ಹೆಂಡತಿಯ ಪಕ್ಕ. ಎಲೆ ಖಾಲಿಯಾಗುವವರೆಗೆ ಅವರು ತಲೆ ಎತ್ತುವುದಿಲ್ಲ. ಆಮೇಲೆ ಹೇಳುವುದು ಒಂದೇ ಮಾತು. "ಇಷ್ಟು ವರ್ಷ ನನ್ನ ಬಿಟ್ಟು ಊರಿಗೆಲ್ಲ ಇದನ್ನ ತಿನ್ನಿಸ್ದೆಯಲ್ಲೇ." ಉಚ್ಚಂಗಮ್ಮ ತಮ್ಮ ಎಲೆಯ ಗರಿಯನ್ನು ಅವರ ಎಲೆಗೆ ದಾಟಿಸುತ್ತಾರೆ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಮಹಾಂತಮ್ಮ ಉಚ್ಚಂಗಮ್ಮನನ್ನು ತಡೆದು ನಿಲ್ಲಿಸುತ್ತಾರೆ. ಬರುವ ಭಾನುವಾರ ಮೊಮ್ಮಗಳ ನಾಮಕರಣ, ರಾತ್ರಿ ಊಟಕ್ಕೆ ಅದನ್ನೇ ಮಾಡಿಕೊಡಬೇಕು. ಗೆಸ್ಟ್‌ಹೌಸಿಗೆ ರಜೆ ಹೇಳಿದ್ದಾರಾ ಎಂದು ನಾವು ಕೇಳಿದರೆ ಉಚ್ಚಂಗಮ್ಮ ಹೌದೆಂದು ತಲೆಯಾಡಿಸುತ್ತಾರೆ. ಮುಂದೇನು ಆಸೆ ಎಂದರೆ ಕೊಡ ಕೆಳಗಿಡುತ್ತಾರೆ. "ದೊಡ್ಡ ಆಸೆ ಏನಿಲ್ಲ. ಅಡಿಗೆ ನಾನು ಮಾಡ್ದಾಗ ಬಡಿಸೋದೂ ನಾನೇ ಇರ್ಬೇಕು. ಜನ ತಿನ್ನೋದು ನೋಡ್ತಾ ನಿಂತ್ಕೋಬೇಕು, ಅಷ್ಟೆ."

ಜೂನ್ ಏಳರ ಸಂಜೆ ಮಹಾಂತಮ್ಮನ ಮನೆಯ ಊಟಕ್ಕಾಗಿ ಹಿತ್ತಲಿನ ಒಲೆ ಮತ್ತೆ ಕಾದಿದೆ. ನಿವೃತ್ತಿಯ ಉಡುಗೊರೆಯೆಂದು ಕುಲುಮೆಯ ಜೊತೆಗಾರರು ಗಡಿಯಾರದ ಬದಲು ಉದ್ದ ಕಡ್ಡಿಯ ಒಂದು ಡಯಲ್ ಥರ್ಮಾಮೀಟರ್ ತಂದುಕೊಟ್ಟಿದ್ದಾರೆ. ಹುಲಿಯಪ್ಪ ಅದನ್ನು ಇಟ್ಟಿಗೆಯ ಸಂದಿಯಲ್ಲಿ ತೂರಿಸಿ, ಕನ್ನಡಕ ಏರಿಸಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಾರೆ. ಮುಳ್ಳು ಇಳಿಯುತ್ತದೆ. ಉಚ್ಚಂಗಮ್ಮ ಚಿಟಿಕೆ ಹಿಟ್ಟು ಎಸೆದು ಬಣ್ಣ ನೋಡಿ, ಸಾಕು ಎನ್ನುತ್ತಾರೆ. ಹುಲಿಯಪ್ಪ ಮುಳ್ಳನ್ನು ಓದಿ, ಪಾಳಿಯ ಫೋರ್‌ಮನ್ನಿಗೆ ಒಪ್ಪಿಸುವ ಗಟ್ಟಿ ದನಿಯಲ್ಲಿ ಹೆಂಡತಿಗೆ ಒಪ್ಪಿಸುತ್ತಾರೆ: ನೂರ ಎಂಬತ್ತು ಡಿಗ್ರಿ.