ಹಳೆ ಸೀರೆಗಳ ಚಪ್ಪರ

ನಾನು ಚಿಕ್ಕವಳಿದ್ದಾಗ ಅಪ್ಪನ ಅಂಗೈಯಲ್ಲಿ ಯಾವಾಗಲೂ ಕಬ್ಬಿಣದ ವಾಸನೆ ಇರುತ್ತಿತ್ತು. ಅಪ್ಪ ಕಂಬಿ ಕಟ್ಟುವ ಕೆಲಸದವನು. ಹೊಸ ಮನೆಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ಸೂರು, ಹಾಕುವ ಮೊದಲು ಹಲಗೆಗಳ ಮೇಲೆ ಕಂಬಿಗಳನ್ನು ಚೌಕ ಚೌಕವಾಗಿ ಹರಡಿ, ತಂತಿ ಸುತ್ತಿ ಬಿಗಿಯುತ್ತಾರಲ್ಲ, ಅದೇ ಕೆಲಸ. ಬೇರೆಯವರ ಮನೆಗೆ ಸೂರು ಮಾಡುವವನ ತಲೆಯ ಮೇಲೆ ಆ ಹೊತ್ತಿಗೆ ಸೂರು ಇರುವುದಿಲ್ಲ ನೋಡಿ, ಮಕ್ಕಳೇ. ಕೆಳಗೆ ಕಾದ ಕಬ್ಬಿಣ, ಮೇಲೆ ಉರಿಯುವ ಸೂರ್ಯ.

ನಮ್ಮ ಮನೆ ಮಲವಗೊಪ್ಪದಲ್ಲಿತ್ತು. ಆಗ ಗೋಪಾಳ ಬಡಾವಣೆಯಲ್ಲಿ ಸಾಲು ಸಾಲಾಗಿ ಮನೆಗಳು ಏಳುತ್ತಿದ್ದವು. ಬೇಸಿಗೆ ರಜೆಯ ಒಂದು ದಿನ ಹಟ ಮಾಡಿ ನಾನೂ ಅಪ್ಪನ ಜೊತೆ ಅಲ್ಲಿಗೆ ಹೋದೆ. ಸೈಕಲ್ಲಿನ ಮುಂದಿನ ಬಾರ್ ಮೇಲೆ ನಾನು, ಹಿಂದೆ ಕ್ಯಾರಿಯರ್ ಮೇಲೆ ಅಕ್ಕ, ಅವಳ ಮಡಿಲಲ್ಲಿ ಅಕ್ಕಿರೊಟ್ಟಿಯ ಬುತ್ತಿ. ಅಕ್ಕ ಆಗ ಹದಿನೆಂಟರವಳು. ಅಪ್ಪನಿಗೆ ಕಂಬಿ ಎತ್ತಿಕೊಡುವ ಕೆಲಸ ಅವಳದು.

ಹೊತ್ತು ಏರುತ್ತಿದ್ದಂತೆ ಮರಳಿನ ಗುಡ್ಡೆಯ ಮೇಲೆ ಕಾಲಿಟ್ಟರೆ ಚುರ್ ಎನ್ನತೊಡಗಿತು. ಕಂಬಿ ಮುಟ್ಟಿದರೆ ಬೊಬ್ಬೆ ಏಳುತ್ತದೆಂದು ಅಪ್ಪ ಬೆರಳುಗಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದ. ತಲೆಗೆ ಮಾತ್ರ ಒಂದು ತೆಳು ಟವಲ್. ಮೇಸ್ತ್ರಿ ಭದ್ರಾವತಿಯವರು. ನಾಳೆಯೇ ಮೋಲ್ಡ್ ಹಾಕಬೇಕೆಂದು ಅವಸರಪಡಿಸುತ್ತಿದ್ದರು. ಅಪ್ಪ ನೀರು ಕುಡಿಯಲೂ ಇಳಿಯಲಿಲ್ಲ.

ಮಧ್ಯಾಹ್ನ ಅಕ್ಕ ಊಟಕ್ಕೆ ಕರೆದಳು. ಅಪ್ಪ ತಿರುಗಿ ಅವಳನ್ನೇ ನೋಡುತ್ತಾ, "ಬಂದೆ ಅವ್ವಾ, ದನ ಕಟ್ಟಿ ಬರ್ತೀನಿ" ಎಂದ.

ನಮ್ಮ ಮನೆಯಲ್ಲಿ ದನವೇ ಇರಲಿಲ್ಲ. ಅಪ್ಪನ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತಮಾಷೆ ಮಾಡುತ್ತಿದ್ದಾನೆಂದು ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಹತ್ತಿರ ಹೋಗಿ ಅವನ ಕೆನ್ನೆ ಮುಟ್ಟಿದಳು.

"ಮೈ ಕೆಂಡ ಆಗಿದೆ ಮೇಸ್ತ್ರಿ! ಒಂದು ಹನಿ ಬೆವರಿಲ್ಲ!"

ಅಷ್ಟರಲ್ಲಿ ಅಪ್ಪನ ಕಾಲು ಕುಸಿಯಿತು. ಅಕ್ಕ, ಮೇಸ್ತ್ರಿ ಇಬ್ಬರೂ ಸೇರಿ ಅವನನ್ನು ಏಣಿಯಿಂದ ಇಳಿಸಿ, ಬಾಗಿಲಿಲ್ಲದ ಕೋಣೆಯೊಳಗೆ ಮಲಗಿಸಿದರು. ಅಕ್ಕ ತೊಟ್ಟಿಯಿಂದ ಬಕೆಟ್ ಬಕೆಟ್ ನೀರು ತಂದು ಅವನ ಮೈಮೇಲೆ ಸುರಿದಳು. ನಾನು ಅಳುತ್ತಾ ರಟ್ಟಿನ ತುಂಡಿನಿಂದ ಗಾಳಿ ಬೀಸಿದೆ. ಮೇಸ್ತ್ರಿ ಓಡಿಹೋಗಿ ಆಟೋ ತಂದರು. ಆಸ್ಪತ್ರೆಯ ದಾರಿಯುದ್ದಕ್ಕೂ ಅಕ್ಕ ಒದ್ದೆ ಟವಲ್ ಒತ್ತುತ್ತಾ, "ಅಪ್ಪಾ, ನಾನ್ಯಾರು ಹೇಳು, ನಾನ್ಯಾರು?" ಎಂದು ಕೇಳುತ್ತಲೇ ಇದ್ದಳು.

ಸಂಜೆ ಅಪ್ಪ ಕಣ್ಣು ಬಿಟ್ಟ. ಅಕ್ಕನ ಹೆಸರು ಹಿಡಿದು ಕರೆದ. ಅಲ್ಲಿಯವರೆಗೆ ಅಳದಿದ್ದ ಅಕ್ಕ ಮಂಚದ ಅಂಚಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಬಿಸಿಲಿನ ಹೊಡೆತ. ತಕ್ಷಣ ನೀರು ಸುರಿದಿದ್ದೇ ಉಳಿಸಿತು" ಎಂದರು ಡಾಕ್ಟರು.

ಹೊರಗೆ ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. "ಮೋಲ್ಡ್ ಕಾಯ್ಲಿ, ಪೂರ್ತಿ ಹುಷಾರಾಗ್ಲಿ. ಆಮೇಲೆ ಕೆಲ್ಸಕ್ಕೆ ಬರ್ಲಿ."

"ಬರ್ತೀವಿ. ಆದ್ರೆ ಮೇಲೆ ನೆರಳು ಇದ್ರೆ ಮಾತ್ರ," ಎಂದಳು ಅಕ್ಕ.

"ಅಲ್ಲಿ ನೆರಳು ಎಲ್ಲಿಂದ ತರ್ಲಿ ಮಾರಾಯ್ತಿ?"

"ಬಿದಿರಿನ ಗಳ ನೀವು ಕೊಡಿ. ಬಟ್ಟೆ ನಾನು ತರ್ತೀನಿ."

ಅಕ್ಕ ನಮ್ಮ ಬೀದಿಯ ಮನೆಮನೆಗೆ ಹೋಗಿ ಹಳೆ ಸೀರೆ ಕೇಳಿದಳು. ಅಮ್ಮ ತನ್ನ ಹಸಿರು ಸೀರೆಯನ್ನೇ ಮೊದಲು ಕೊಟ್ಟಳು. ಜಗಲಿಯ ಮೇಲೆ ಕೂತು ಮೂವರೂ ಹೊಲಿದೆವು. ಹಳೆ ನೂಲಿನ ಮೆತ್ತನೆ ವಾಸನೆ, ಪಕ್ಕದ ಮನೆಯ ಸೀರೆಯಲ್ಲಿ ಇನ್ನೂ ಒಂದಿಷ್ಟು ಅರಿಸಿನ. ಗೋಪಾಳದ ಆ ಮನೆಯ ಮೇಲೆ ಗಳ ನೆಟ್ಟು ಅದನ್ನು ಕಟ್ಟಿದಾಗ, ಬಿಸಿಲು ಬಣ್ಣ ಬಣ್ಣವಾಗಿ ಇಳಿಯಿತು. ಅಪ್ಪನ ಬೆನ್ನ ಮೇಲೆ ಹಸಿರು, ಮೇಸ್ತ್ರಿಯ ಬೋಳುತಲೆಯ ಮೇಲೆ ಗುಲಾಬಿ! ಅವರೂ ಅದರಡಿಯಲ್ಲೇ ಕೂತು ಬೀಡಿ ಹಚ್ಚಿದರು. ಮುಂದೆ ಅವರ ಯಾವ ಕೆಲಸದಲ್ಲೂ ಮೊದಲು ಚಪ್ಪರ ಎದ್ದು, ಆಮೇಲೆ ಕಂಬಿ ಮೇಲೇರುತ್ತಿತ್ತು. ಅಪ್ಪ ಬಹಳ ವರ್ಷ ದುಡಿದ.

ನನ್ನ ಕೂದಲು ಪೂರ್ತಿ ನೆರೆಯುವ ಮೊದಲೇ ನೀವು ಬಂದು ನನ್ನನ್ನು ಅಜ್ಜಿ ಮಾಡಿದಿರಿ. ಈಗ ಬಿಸಿಲು ಹೆಚ್ಚೆಂದು ನಿಮ್ಮಮ್ಮನ ಫೋನಿಗೇ ಸುದ್ದಿ ಬರುತ್ತದೆ. ನಿಮಗೆ ಟೋಪಿ, ಮುಖಕ್ಕೆ ಹಚ್ಚುವ ಕ್ರೀಮು, ಚೀಲದಲ್ಲಿ ನೀರಿನ ಬಾಟಲಿ. ಆಡಿ ಬಂದವರು ಬಾಗಿಲಲ್ಲೇ "ಅಜ್ಜೀ, ಸೆಕೆ! ಫ್ಯಾನ್ ಹಾಕು" ಎಂದು ಕೂಗುತ್ತೀರಿ. ಕೂಗಿ, ಜೋರಾಗಿಯೇ ಕೂಗಿ. ಅಪ್ಪ ತನ್ನ ಜೀವಮಾನದಲ್ಲಿ ಒಮ್ಮೆಯೂ "ಬಿಸಿಲು ತಡೆಯೋಕಾಗ್ತಿಲ್ಲ" ಎಂದವನಲ್ಲ. ಅವನಿಗಾಗಿ ಆ ಮಾತನ್ನು ಅಕ್ಕ ಹೇಳಬೇಕಾಯಿತು.