ಹಿಮ್ಮಡಿ ನೋಡುತ್ತಿದ್ದ ದೊಡ್ಡಮ್ಮ

ದೊಡ್ಡಮ್ಮನ ಪಾದಗಳು ಯಾವಾಗ ನೋಡಿದರೂ ಒದ್ದೆ. ಸೀರೆಯ ಅಂಚು ನೆನೆದು ಕಾಲಿಗೆ ಅಂಟಿಕೊಂಡಿರುತ್ತಿತ್ತು. ಕನಕಪುರದ ಹತ್ತಿರದ ಆ ಆರೈಕೆ ಮನೆಯ ಮೇಲೆ ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಮರೆವಿನ ಕಾಯಿಲೆಯವಳು, ಬಾಯಿಬಿಟ್ಟು ಹೇಳಲಾರಳು ಎಂದು ಇವಳಿಂದ ನೆಲ ತೊಳೆಸುತ್ತಾರೇನೋ. ಹೋದಾಗಲೆಲ್ಲ ಅವಳ ಕೈ ತಿರುಗಿಸಿ ಗಾಯ ಹುಡುಕುತ್ತಿದ್ದೆ. ಭೇಟಿಯೆಲ್ಲ ಹೊರಗಿನ ಜಗಲಿಯಲ್ಲೇ. ಕೋಣೆ ತೋರಿಸಿ ಎಂದರೆ, ಮನೆ ನಡೆಸುವಾಕೆ "ಇವತ್ತು ಬ್ಯಾಡ ಕಣಕ್ಕ" ಎನ್ನುತ್ತಿದ್ದಳು.

ನನ್ನನ್ನು ಸಾಕಿದವಳು ಈ ದೊಡ್ಡಮ್ಮ. ಮರಳವಾಡಿಯಲ್ಲಿ ರೇಷ್ಮೆ ಹುಳ ಮೇಯಿಸಿ, ಗೂಡು ಮಾರಿ ಓದಿಸಿದಳು. ಅವಳೂ ಅನುಮಾನದವಳೇ. ಹೊರಗಿನ ಕಾಲಲ್ಲಿ ಹುಳಕ್ಕೆ ರೋಗ ಬರುತ್ತದೆಂದು ನೆಂಟರನ್ನೂ ಬಾಗಿಲಲ್ಲೇ ತಡೆದು, "ಎಲ್ಲೆಲ್ಲಿ ತುಳ್ಕಂಡು ಬಂದಿದ್ದೀಯೋ, ತೊಳ್ಕಂಡ್ ಬಾ" ಎನ್ನುವಳು. "ನನ್ನೂ ಕಾಲು ನೋಡೇ ಒಪ್ಕಂಡವ್ಳೆ" ಎಂದು ದೊಡ್ಡಪ್ಪ ನಗುತ್ತಿದ್ದರು.

ಒಂದು ದಿನ, ಕರೆದುಕೊಂಡೇ ಬಂದುಬಿಡುವುದೆಂದು ನಿರ್ಧರಿಸಿ, ಹೇಳದೆ ಹೋಗಿ ಸೀದಾ ಅವಳ ಕೋಣೆಯತ್ತ ನಡೆದೆ. ಬಾಗಿಲ ಪಕ್ಕ ಒಂದು ನಲ್ಲಿ, ಕೂರಲು ಗಿಡ್ಡ ಕಟ್ಟೆ, ಹಿಡಿದುಕೊಳ್ಳಲು ಕಂಬಿ, ಜಾರದ ಹಾಗೆ ಒರಟು ಕಲ್ಲು. ಡಾಕ್ಟರು ಪ್ಯಾಂಟು ಮಡಚಿ ಕಾಲು ತೊಳೆಯುತ್ತಿದ್ದರು. ಹೊಸ್ತಿಲಲ್ಲಿ ದೊಡ್ಡಮ್ಮ.

"ಹಿಮ್ಮಡಿ ಬುಟ್ರಲ್ಲ ಸ್ವಾಮಿ."

ಮನೆ ನಡೆಸುವಾಕೆ ಓಡಿಬಂದಳು. "ಮೊದ್ಲು ಯಾರನ್ನೂ ಒಳಕ್ಕೆ ಬುಡ್ತಿರ್ಲಿಲ್ಲ. ಮಾತ್ರೆ ಕೊಡಕ್ಕೋದ್ರೂ ತಳ್ಳೋರು. 'ತೊಳ್ಕಳ್ಳಿ' ಅಂತಾನೇ ಇದ್ರು. ಅದಕ್ಕೇ ಇದನ್ನ ಕಟ್ಸಿದ್ದು. ಈಗ ಹೋಗ್ತಾ ಬರ್ತಾ ಅವ್ರೂ ತೊಳ್ಕತಾರೆ, ನಾವೂ ತೊಳ್ಕತೀವಿ."

"ಇಲ್ಲದ ಹುಳಕ್ಕೆ ಇದೇನು ನಾಟಕ?"

"ನಾಟಕ ಏನ್ ಬಂತಕ್ಕ? ಕೋಣೆ ಅವ್ರದು. ಅವ್ರು ಹೇಳ್ದಂಗೆ ಒಳಕ್ಕೋಗ್ಬೇಕು." ನನ್ನ ಚಪ್ಪಲಿ ನೋಡಿ ಅಂದಳು: "ನಿಮ್ಮನ್ನ ಒಳಕ್ಕೆ ಬ್ಯಾಡ ಅಂದಿದ್ದೂ ಅವ್ರೇ. ಯಾರೋ ಗೊತ್ತಿಲ್ದೋಳು ಅಂತ."

ಇದನ್ನೂ ನಾನು ಪೂರ್ತಿ ನಂಬಲಿಲ್ಲ. ಆದರೂ ಕಟ್ಟೆಯ ಮೇಲೆ ಕೂತು ಕಾಲು ತೊಳೆದೆ. ದೊಡ್ಡಮ್ಮ ಬಗ್ಗಿ ಹಿಮ್ಮಡಿ ನೋಡಿದಳು.

"ಬಾ, ಒಸಿ ಕುತ್ಕೋ."

ಅವಳನ್ನು ಅಲ್ಲೇ ಬಿಟ್ಟು ಬಂದೆ. ನಾನು ಯಾರೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ತೊಳೆದ ಕಾಲು ಸಾಕಾಗಿತ್ತು. ಹೋದಾಗಲೆಲ್ಲ ಒಳಗೆ ಕರೆದಳು.

ಹೋದ ತಿಂಗಳು ಫೋನು ಬಂದಾಗ ಚಪ್ಪಲಿ ಕಾಲಲ್ಲೇ ಓಡಿ ಒಳಗೆ ಹೋದೆ. ಕಣ್ಣು ಮುಚ್ಚಿಸಿ ಹಾಸಿಗೆಯ ಮೇಲೆ ಮಲಗಿಸಿದ್ದರು. ಪಾದಗಳು ಒಣಗಿದ್ದವು. ಯಾರೂ ನನ್ನನ್ನು ತಡೆಯಲಿಲ್ಲ.

ಹೊರಗೆ ಬಂದು ನಲ್ಲಿ ತಿರುಗಿಸಿದೆ. ಹಿಮ್ಮಡಿಯನ್ನೂ ಉಜ್ಜಿದೆ.